ಪ್ರಶ್ನಾವಳಿಯ ಸಾಲಾವಳಿ: ಸಂಗಾತಿಯ ಆಯ್ಕೆಯಲ್ಲಿ ಯಂತ್ರಗಣನೆಯ ಇತಿಹಾಸ

೧

ವಿವಾಹಕ್ಕೆ ಮುನ್ನ ವಧೂವರರ ಹೊಂದಾಣಿಕೆಯನ್ನು ಲೆಕ್ಕಹಾಕಿ ತಿಳಿಯಬಹುದೆಂಬ ನಂಬಿಕೆ ನಮಗೆ ಹೊಸದಲ್ಲ. ಸಾಲಾವಳಿ ನೋಡುವವರು ಎಂಟು ಕೂಟಗಳನ್ನು ಪರಿಶೀಲಿಸಿ, ೩೬ ಗುಣಗಳಲ್ಲಿ ಇಷ್ಟು ಕೂಡಿಬಂದುವೆಂದು ಹೇಳುವ ಪದ್ಧತಿಯನ್ನು ವಾಚಕರೆಲ್ಲರೂ ಬಲ್ಲರು. ಆ ಗಣನೆಗೆ ಆಧಾರ ಜನ್ಮನಕ್ಷತ್ರ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದೇ ಆಕಾರದ ಇನ್ನೊಂದು ಗಣನೆ ತಲೆದೋರಿತು. ಅಲ್ಲಿ ನಕ್ಷತ್ರದ ಸ್ಥಾನವನ್ನು ಪ್ರಶ್ನಾವಳಿಯೂ ಜೋಯಿಸರ ಸ್ಥಾನವನ್ನು ಗಣಕಯಂತ್ರವೂ ಪಡೆದುವು. ಫಲವನ್ನು ಮಾತ್ರ ಮೊದಲಿನಂತೆ ಅಂಕಿಯಲ್ಲಿಯೇ ಹೇಳಲಾಯಿತು. ಭೇದವೇನೆಂದರೆ, ಈ ಹೊಸ ಗಣನೆ ಜನರ ಶ್ರದ್ಧೆಯನ್ನು ಬೇಡದೆ, ತಾನು ವಿಜ್ಞಾನವೆಂದು ಸಾರಿಕೊಂಡಿತು. ಹಾಗೆ ಸಾರಿಕೊಂಡ ಮೇಲೆ ವಿಜ್ಞಾನದ ಒರೆಗಲ್ಲಿಗೆ ಅದು ಒಳಪಡಲೇಬೇಕು.

ವಿಷಯ ಕೇವಲ ಕುತೂಹಲಕ್ಕೆ ಸೇರಿದುದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರಜ್ಞ ಮೈಕೇಲ್ ರೋಸನ್‌ಫೆಲ್ಡ್ ಮತ್ತು ಅವರ ಸಹೋದ್ಯೋಗಿಗಳು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ೨೦೧೭ರಲ್ಲಿ ಅಮೆರಿಕದಲ್ಲಿ ಪರಸ್ಪರ ಪರಿಚಿತರಾಗಿ ಜೊತೆಗೂಡಿದ ಸ್ತ್ರೀಪುರುಷ ಜೋಡಿಗಳಲ್ಲಿ ಶೇಕಡ ೩೯ರಷ್ಟು ಅಂತರ್ಜಾಲದ ಮೂಲಕವೇ ಮೊದಲು ಭೇಟಿಯಾಗಿದ್ದುವು. ಇಷ್ಟು ಮಂದಿಯ ಬಾಳಿನ ಅತ್ಯಂತ ಆಪ್ತವಾದ ನಿರ್ಧಾರವು ಯಾವ ತಳಹದಿಯ ಮೇಲೆ ನಿಂತಿದೆ ಎಂದು ಕೇಳುವುದು ಸಹಜ. ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಅಂತರ್ಜಾಲವು ಅಪರಿಚಿತರನ್ನು ಪರಸ್ಪರ ಸಂಧಿಸುವಂತೆ ಮಾಡುತ್ತದೆ ಎಂಬುದು ಒಂದು, ಅದರಲ್ಲಿ ವಿವಾದವಿಲ್ಲ. ಆ ಅಪರಿಚಿತರಲ್ಲಿ ಯಾರಿಗೆ ಯಾರು ತಕ್ಕವರೆಂಬುದನ್ನು ಭೇಟಿಗೆ ಮೊದಲೇ ಗಣಿತದಿಂದ ಕಂಡುಹಿಡಿಯಬಹುದು ಎಂಬುದು ಇನ್ನೊಂದು. ಈ ಎರಡನೆಯ ಮಾತಿನ ಇತಿಹಾಸವನ್ನು ಸ್ಥೂಲವಾಗಿ ನಿರೂಪಿಸಿ, ಅದರ ಪ್ರಾಮಾಣ್ಯವನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ದಾಂಪತ್ಯದ ಸುಖವನ್ನು ಅಳೆಯುವ ಪ್ರಯತ್ನ ಗಣಕಯಂತ್ರಕ್ಕಿಂತ ಹಿರಿದು. ಬುದ್ಧಿಶಕ್ತಿಯ ಪರೀಕ್ಷೆಗಳಿಂದ ಪ್ರಸಿದ್ಧನಾದ ಲೂಯಿಸ್ ಟರ್ಮನ್ ೧೯೩೮ರಲ್ಲಿ ೭೯೨ ದಂಪತಿಗಳನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಮರುವರ್ಷ, ಅಂದರೆ ೧೯೩೯ರಲ್ಲಿ, ಸಮಾಜಶಾಸ್ತ್ರಜ್ಞರಾದ ಅರ್ನೆಸ್ಟ್ ಬರ್ಜೆಸ್ ಮತ್ತು ಲೆನರ್ಡ್ ಕಾಟ್ರೆಲ್ ಎಂಬವರು ೫೨೬ ದಂಪತಿಗಳ ಅಧ್ಯಯನದಿಂದ, ವಿವಾಹದ ಸಾಫಲ್ಯ ವೈಫಲ್ಯಗಳನ್ನು ಮುಂಚಿತವಾಗಿ ಹೇಳಬಲ್ಲ ಒಂದು ಅಂಕಪಟ್ಟಿಯನ್ನು ಸಿದ್ಧಪಡಿಸಿದರು. ವಿಮಾದಾರರು ಆಯುಷ್ಯವನ್ನು ಲೆಕ್ಕಹಾಕುವಂತೆ ದಾಂಪತ್ಯದ ಭವಿಷ್ಯವನ್ನೂ ಲೆಕ್ಕಹಾಕಬಹುದೆಂಬ ಆಶೆ ಆ ಕಾಲದ ವಿದ್ವಾಂಸರಲ್ಲಿ ಬಲವಾಗಿತ್ತು.

ಈ ಗ್ರಂಥಗಳ ಫಲಿತಾಂಶಗಳನ್ನು ಲಕ್ಷ್ಯಕೊಟ್ಟು ಓದಿದರೆ ಒಂದು ವಿಶೇಷ ಗೋಚರವಾಗುತ್ತದೆ. ಟರ್ಮನ್ನನ ಪಟ್ಟಿಯಲ್ಲಿ ಮುಂದೆ ನಿಂತ ಅಂಶಗಳು ಇಬ್ಬರ ಅಭಿರುಚಿಗಳ ಸಾಮ್ಯಕ್ಕೆ ಸಂಬಂಧಿಸಿದುವಲ್ಲ. ತಂದೆತಾಯಿಗಳ ದಾಂಪತ್ಯ ಸುಖವಾಗಿತ್ತೆ, ಬಾಲ್ಯ ನೆಮ್ಮದಿಯಿಂದ ಕಳೆದಿತ್ತೆ, ವ್ಯಕ್ತಿಯದು ಪ್ರಸನ್ನ ಸ್ವಭಾವವೆ ಎಂಬಂಥವು ಅವು. ಎಂದರೆ, ಇಂಥವನು ಯಾರನ್ನು ವರಿಸಿದರೂ ತಕ್ಕಮಟ್ಟಿಗೆ ಸುಖಿಯಾಗಿರುವ ಸಂಭವ ಹೆಚ್ಚು ಎಂಬ ಜಾತಿಯ ನಿರ್ಣಯಗಳು. ಇವು ವ್ಯಕ್ತಿಯನ್ನು ಕುರಿತ ಮಾತುಗಳಲ್ಲದೆ ಜೋಡಿಯನ್ನು ಕುರಿತವಲ್ಲ.

ಟರ್ಮನ್ನನು ಆಗಲೇ ಮದುವೆಯಾದವರನ್ನು ಪ್ರಶ್ನಿಸಿದ್ದನಾದ್ದರಿಂದ, ಇಂದಿನ ಸುಖದುಃಖಗಳು ಹಿಂದಿನ ನೆನಪಿಗೆ ಬಣ್ಣಕಟ್ಟಿರಬಹುದೆಂಬ ಆಕ್ಷೇಪಣೆಗೆ ಅವಕಾಶವಿತ್ತು. ಈ ದೋಷವನ್ನು ನಿವಾರಿಸಿದವನು ಲೋವೆಲ್ ಕೆಲ್ಲಿ. ಆತನು ೧೯೩೫ರಿಂದ ಮೊದಲುಗೊಂಡು, ಮದುವೆ ನಿಶ್ಚಯವಾಗಿದ್ದ ೩೦೦ ಜೋಡಿಗಳನ್ನು ಆರಿಸಿ, ಅವರ ವ್ಯಕ್ತಿತ್ವವನ್ನು ಅವರ ಪರಿಚಿತರಿಂದಲೇ ಅಳೆಯಿಸಿ, ಅವರ ಬಾಳನ್ನು ದಶಕಗಳವರೆಗೆ ಅನುಸರಿಸಿದನು. ಜೇಮ್ಸ್ ಕಾನ್ಲಿಯೊಡನೆ ೧೯೮೭ರಲ್ಲಿ ಪ್ರಕಟಿಸಿದ ಅಂತಿಮ ವರದಿಯಲ್ಲಿ ಎದ್ದು ಕಾಣುವ ಅಂಶಗಳು ಮೂರು: ಗಂಡನ ಮನಸ್ಸಿನ ಅಸ್ಥಿರತೆ, ಹೆಂಡತಿಯ ಮನಸ್ಸಿನ ಅಸ್ಥಿರತೆ, ಗಂಡನ ದುಡುಕು. ಸುಮಾರು ಅರ್ಧ ಶತಮಾನದ ತಾಳ್ಮೆಯ ದುಡಿಮೆಯಿಂದ ದೊರೆತ ಈ ಉತ್ತರವೂ ವ್ಯಕ್ತಿಗಳನ್ನೇ ಬೆರಳಿಟ್ಟು ತೋರಿಸಿತು.

ಜೋಡಿಯನ್ನು ಕುರಿತು ಸಿದ್ಧಾಂತಗಳು ಇರಲಿಲ್ಲವೆಂದಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ರಾಬರ್ಟ್ ವಿಂಚ್ ೧೯೫೦ರ ದಶಕದಲ್ಲಿ ಪೂರಕ ಅಪೇಕ್ಷೆಗಳ ವಾದವನ್ನು ಮುಂದಿಟ್ಟನು. ಆಳುವ ಸ್ವಭಾವದವರು ಅನುಸರಿಸುವ ಸ್ವಭಾವದವರನ್ನು ಬಯಸುತ್ತಾರೆಂಬುದು ಅದರ ಸಾರ. ಆದರೆ ಅದಕ್ಕೆ ಆಧಾರವಾಗಿದ್ದುದು ಕೇವಲ ೨೫ ದಂಪತಿಗಳ ಅಧ್ಯಯನ. ಅನಂತರ ಬಂದ ಸಂಶೋಧಕರಿಗೆ ಆ ಫಲಿತಾಂಶ ಮರಳಿ ದೊರೆಯಲಿಲ್ಲ. ಇದಕ್ಕೆ ವಿರುದ್ಧವಾದ ಸಾಮ್ಯವಾದವನ್ನು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಡಾನ್ ಬರ್ನ್ ೧೯೬೧ರಿಂದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸತೊಡಗಿದನು. ಅಪರಿಚಿತನೊಬ್ಬನು ಭರ್ತಿಮಾಡಿದನೆಂದು ಹೇಳಿ ಒಂದು ಉತ್ತರಪತ್ರಿಕೆಯನ್ನು ವಿದ್ಯಾರ್ಥಿಯ ಕೈಗೆ ಕೊಟ್ಟಾಗ, ಅದರಲ್ಲಿ ತನ್ನ ಅಭಿಪ್ರಾಯಗಳೇ ಹೆಚ್ಚಾಗಿ ಕಂಡಷ್ಟೂ ಆ ಕಾಣದ ವ್ಯಕ್ತಿಯ ಮೇಲೆ ವಿದ್ಯಾರ್ಥಿಗೆ ಮೆಚ್ಚುಗೆ ಹೆಚ್ಚುತ್ತಿತ್ತು. ಆ ಅಪರಿಚಿತನು ಕಾಗದದ ಮೇಲಿನ ವ್ಯಕ್ತಿ ಮಾತ್ರ ಎಂಬುದನ್ನು ಇಲ್ಲಿ ಮರೆಯಬಾರದು.

೩

ಯಂತ್ರವು ರಂಗಕ್ಕೆ ಬಂದುದು ಈ ಹೊತ್ತಿನಲ್ಲಿ. ೧೯೫೬ರಲ್ಲಿ ಅಮೆರಿಕದ ದೂರದರ್ಶನದ ಒಂದು ವಿನೋದ ಕಾರ್ಯಕ್ರಮದಲ್ಲಿ ಯೂನಿವ್ಯಾಕ್ ಗಣಕವು ಒಂದು ಜೋಡಿಯನ್ನು ಆರಿಸಿಕೊಟ್ಟಿತು. ೧೯೫೯ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು ತರಗತಿಯ ಅಭ್ಯಾಸಕ್ಕಾಗಿ, ಐಬಿಎಂ ೬೫೦ ಯಂತ್ರದಲ್ಲಿ ೪೯ ಪುರುಷರನ್ನೂ ೪೯ ಸ್ತ್ರೀಯರನ್ನೂ ಜೊತೆಗೂಡಿಸಿದರು. ಇಬ್ಬರ ಉತ್ತರಗಳ ನಡುವಣ ವ್ಯತ್ಯಾಸವನ್ನು ಕೂಡಿಸಿ, ಮೊತ್ತವು ಕಡಿಮೆ ಬಂದವರನ್ನು ಸೇರಿಸುವುದು ಅವರ ವಿಧಾನ. ಮೊದಲು ಆರಿಸಲ್ಪಟ್ಟ ಜೋಡಿಗಳು ಚೆನ್ನಾಗಿ ಹೊಂದಿದುವು. ಕಟ್ಟಕಡೆಗೆ ಉಳಿದವರು ಉಳಿದವರೊಡನೆ ಸೇರಬೇಕಾಯಿತು. ಲಂಡನ್ನಿನಲ್ಲಿ ಜೋನ್ ಬಾಲ್ ಎಂಬಾಕೆ ೧೯೬೪ರಲ್ಲಿ ಗಣಕಯಂತ್ರದ ನೆರವಿನಿಂದ ಸಂಗಾತಿಯನ್ನು ಒದಗಿಸುವ ವ್ಯಾಪಾರವನ್ನು ಆರಂಭಿಸಿದಳು. ೧೯೬೫ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿಗಳು ‘ಆಪರೇಷನ್ ಮ್ಯಾಚ್’ ಎಂಬ ಸಂಸ್ಥೆಯನ್ನು ತೆರೆದರು. ಮೂರು ಡಾಲರು ಕೊಟ್ಟು ಪ್ರಶ್ನಾವಳಿಯನ್ನು ತುಂಬಿ ಕಳುಹಿಸಿದವರಿಗೆ ತಕ್ಕ ಹೆಸರುಗಳ ಪಟ್ಟಿ ಅಂಚೆಯಲ್ಲಿ ಬರುತ್ತಿತ್ತು.

ಈ ಸಾಹಸಗಳಲ್ಲಿ ಯುವಜನರ ವಿನೋದವೂ ವ್ಯಾಪಾರಬುದ್ಧಿಯೂ ಸಮವಾಗಿ ಬೆರೆತಿದ್ದುವು. ಅವರನ್ನು ಆಕ್ಷೇಪಿಸಬೇಕಾದ ಕಾರಣವಿಲ್ಲ. ಇತಿಹಾಸದ ದೃಷ್ಟಿಯಿಂದ ಗಮನಾರ್ಹವಾದುದು ಇನ್ನೊಂದು. ಟರ್ಮನ್, ಕೆಲ್ಲಿ ಮೊದಲಾದವರು ಕಂಡುಕೊಂಡದ್ದನ್ನು ಯಂತ್ರವು ಕೈಗೆತ್ತಿಕೊಳ್ಳಲಿಲ್ಲ. ತನಗೆ ಸುಲಭವಾದುದನ್ನು ಕೈಗೆತ್ತಿಕೊಂಡಿತು. ಎರಡು ಪಟ್ಟಿಗಳನ್ನು ಸಾಲುಸಾಲಾಗಿ ಹೋಲಿಸುವುದು ಗಣಕಕ್ಕೆ ಅತ್ಯಂತ ಸುಲಭವಾದ ಕಾರ್ಯ. ಹೋಲಿಸಬಹುದಾದುದೇ ಹೊಂದಾಣಿಕೆಯೆಂಬ ಭಾವನೆ ಹೀಗೆ ಪ್ರಮಾಣದ ಬಲವಿಲ್ಲದೆಯೇ ಉಪಕರಣದ ಅನುಕೂಲದಿಂದ ನೆಲೆಗೊಂಡಿತು.

೪

ಈ ಭಾವನೆಯನ್ನು ಪರೀಕ್ಷೆಗೆ ಒಡ್ಡಿದ ಪ್ರಯೋಗಗಳಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ‘ಗಣಕ ನೃತ್ಯ’ ಸುಪ್ರಸಿದ್ಧವಾದುದು. ಎಲೇನ್ ವಾಲ್ಸ್ಟರ್ ಮತ್ತು ಆಕೆಯ ಸಹೋದ್ಯೋಗಿಗಳು ಇದನ್ನು ೧೯೬೬ರಲ್ಲಿ ಪ್ರಕಟಿಸಿದರು. ಹೊಸದಾಗಿ ಸೇರಿದ ೩೭೬ ಯುವಕರಿಗೂ ೩೭೬ ಯುವತಿಯರಿಗೂ, ಗಣಕಯಂತ್ರವು ತಕ್ಕ ಜೊತೆಗಾರರನ್ನು ಆರಿಸುವುದೆಂದು ಹೇಳಿ ನೃತ್ಯಕೂಟಕ್ಕೆ ಆಹ್ವಾನವಿತ್ತರು. ವಾಸ್ತವವಾಗಿ ಜೋಡಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿಯೇ ಮಾಡಲಾಗಿತ್ತು. ಹುಡುಗಿ ಹುಡುಗನಿಗಿಂತ ಎತ್ತರವಾಗಿರಬಾರದೆಂಬುದೊಂದೇ ನಿಯಮ. ಪ್ರತಿಯೊಬ್ಬರ ಬುದ್ಧಿಮತ್ತೆ ಮತ್ತು ವ್ಯಕ್ತಿತ್ವದ ಅಳತೆಗಳು ಸಂಶೋಧಕರ ಬಳಿ ಇದ್ದುವು. ಟಿಕೆಟ್ಟು ಕೊಳ್ಳಲು ಬಂದಾಗ ನಾಲ್ವರು ಸಹಾಯಕರು ಅವರ ರೂಪಕ್ಕೆ ಗುಟ್ಟಾಗಿ ಅಂಕ ಹಾಕಿದ್ದರು. ನೃತ್ಯದ ವಿರಾಮದಲ್ಲಿ, ಜೊತೆಗಾರರು ಮೆಚ್ಚುಗೆಯಾದರೆ ಎಂದು ಕೇಳಿದಾಗ, ಆ ಮೆಚ್ಚುಗೆಯನ್ನು ಬುದ್ಧಿಯಾಗಲಿ ವ್ಯಕ್ತಿತ್ವವಾಗಲಿ ವಿವರಿಸಲಿಲ್ಲ. ವಿವರಿಸಿದುದು ರೂಪವೊಂದೇ. ಅದೂ ತಮ್ಮ ರೂಪಕ್ಕೆ ಸಮನಾದವರನ್ನು ಮೆಚ್ಚಿದರೆಂದಲ್ಲ. ಸ್ವತಃ ಹೇಗಿದ್ದರೂ ಎಲ್ಲರೂ ಸುರೂಪಿಗಳನ್ನೇ ಮೆಚ್ಚಿದ್ದರು.

ಪ್ರತಿಪಕ್ಷದ ಪ್ರಮಾಣವನ್ನೂ ಹೇಳುವುದು ನ್ಯಾಯ. ಬರ್ನ್ ಮತ್ತು ಆತನ ಸಂಗಡಿಗರು ೧೯೭೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ೫೦ ಪ್ರಶ್ನೆಗಳ ಉತ್ತರಗಳನ್ನು ಅನುಸರಿಸಿ ೪೪ ಜೋಡಿಗಳನ್ನು ರಚಿಸಿದರು. ಕೆಲವು ಜೋಡಿಗಳಲ್ಲಿ ಸಾಮ್ಯ ಹೆಚ್ಚು, ಕೆಲವರಲ್ಲಿ ಕಡಿಮೆ. ಅರ್ಧ ಗಂಟೆಯ ಮಾತುಕತೆಯ ಅನಂತರ ವಿಚಾರಿಸಿದಾಗ ಸಾಮ್ಯ ಹೆಚ್ಚಾಗಿದ್ದವರಲ್ಲಿ ಮೆಚ್ಚುಗೆಯೂ ಹೆಚ್ಚಾಗಿತ್ತು. ರೂಪದ ಪ್ರಭಾವವೂ ಇದ್ದಿತು. ಸಾಮ್ಯವು ಏನೂ ಮಾಡದೆಂದು ಹೇಳಲು ಆಗದು. ಆದರೆ ಅರ್ಧ ಗಂಟೆಯ ಮೆಚ್ಚುಗೆ ಬೇರೆ, ಹತ್ತು ವರ್ಷಗಳ ಸಹಬಾಳ್ವೆ ಬೇರೆ. ಮ್ಯಾಥ್ಯೂ ಮಾಂಟೋಯ ಮೊದಲಾದವರು ೨೦೦೮ರಲ್ಲಿ ೩೧೩ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ಈ ಭೇದ ಸ್ಪಷ್ಟವಾಯಿತು. ಪರಸ್ಪರ ಭೇಟಿಯಾಗದವರಲ್ಲಿ ವಾಸ್ತವ ಸಾಮ್ಯದ ಪ್ರಭಾವ ದೊಡ್ಡದು. ಭೇಟಿಯಾದವರಲ್ಲಿ ಅದು ತಗ್ಗುತ್ತದೆ. ಸಂಬಂಧ ಬೆಳೆದವರಲ್ಲಿ ಹೆಚ್ಚು ಕಡಿಮೆ ಕಾಣದಾಗುತ್ತದೆ. ಅಲ್ಲಿಯೂ ಉಳಿಯುವುದು ‘ನಾವಿಬ್ಬರೂ ಒಂದೇ ಬಗೆಯವರು’ ಎಂಬ ಅವರ ಭಾವನೆ. ಬಹುಶಃ ಈ ಭಾವನೆ ಪ್ರೀತಿಗೆ ಕಾರಣವಾಗಿರುವಂತೆಯೇ ಪ್ರೀತಿಯ ಫಲವೂ ಆಗಿರಬಹುದು.

೫

೧೯೯೫ರಲ್ಲಿ ಮ್ಯಾಚ್ ಡಾಟ್ ಕಾಮ್ ಎಂಬ ಜಾಲತಾಣ ತೆರೆಯಿತು. ಅದು ಮುಖ್ಯವಾಗಿ ವಿವರಗಳ ಭಂಡಾರ. ಆಯ್ಕೆ ನೋಡುವವರಿಗೇ ಬಿಟ್ಟುದು. ಮನಶ್ಶಾಸ್ತ್ರಜ್ಞ ನೀಲ್ ಕ್ಲಾರ್ಕ್ ವಾರನ್ ೨೦೦೦ದಲ್ಲಿ ಆರಂಭಿಸಿದ ಈಹಾರ್ಮನಿಯ ಮಾತು ಬೇರೆಯಾಗಿತ್ತು. ದೀರ್ಘವಾದ ಪ್ರಶ್ನಾವಳಿಯಿಂದ ವ್ಯಕ್ತಿಯನ್ನು ೨೯ ಆಯಾಮಗಳಲ್ಲಿ ಅಳೆದು, ತಕ್ಕವರನ್ನು ತಾನೇ ಆರಿಸಿಕೊಡುವುದಾಗಿ ಅದು ಘೋಷಿಸಿತು. ೨೦೦೪ರಲ್ಲಿ ತನ್ನ ವಿಧಾನಕ್ಕೆ ಅಮೆರಿಕದ ಪೇಟೆಂಟನ್ನೂ ಪಡೆಯಿತು. ಪೇಟೆಂಟು ಒಂದು ವಿಧಾನದ ಹೊಸತನವನ್ನು ಅಂಗೀಕರಿಸುತ್ತದೆಯೇ ಹೊರತು, ಅದರಿಂದ ದಾಂಪತ್ಯಸುಖ ಹೆಚ್ಚುವುದೆಂಬುದಕ್ಕೆ ಸಾಕ್ಷಿಯಾಗಲಾರದು.

ಸುಖೀ ದಂಪತಿಗಳು ಅನೇಕ ವಿಷಯಗಳಲ್ಲಿ ಸಮಾನರಾಗಿರುತ್ತಾರೆ, ಆದುದರಿಂದ ಸಮಾನರನ್ನು ಸೇರಿಸಿದರೆ ಸುಖವುಂಟಾಗುತ್ತದೆ ಎಂಬುದು ಇಂಥ ಸಂಸ್ಥೆಗಳ ವಾದಸರಣಿ. ಇದರಲ್ಲಿ ಅಡಗಿರುವ ಹೇತ್ವಾಭಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ವಿವಾಹಗಳು ಸಾಮಾನ್ಯವಾಗಿ ಒಂದೇ ವಯಸ್ಸು, ವಿದ್ಯೆ, ಮತ, ಅಂತಸ್ತುಗಳ ವಲಯದೊಳಗೇ ನಡೆಯುವುದರಿಂದ ಅಸುಖೀ ದಂಪತಿಗಳೂ ಪರಸ್ಪರ ಸಮಾನರೇ ಆಗಿರುತ್ತಾರೆ. ಸಾಮ್ಯದಿಂದಲೇ ಸುಖವೆನ್ನಲು ಎರಡು ಗುಂಪುಗಳನ್ನೂ ಹೋಲಿಸಬೇಕು. ಅಂಥ ಹೋಲಿಕೆಯನ್ನು ಪೋರ್ಷಿಯಾ ಡೈರೆನ್‌ಫೋರ್ಥ್ ಮತ್ತು ಸಹೋದ್ಯೋಗಿಗಳು ೨೦೧೦ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯ, ಬ್ರಿಟನ್, ಜರ್ಮನಿಗಳ ರಾಷ್ಟ್ರೀಯ ಸಮೀಕ್ಷೆಗಳಿಂದ ಆಯ್ದ ಹತ್ತು ಸಾವಿರಕ್ಕೂ ಹೆಚ್ಚಿನ ದಂಪತಿಗಳಲ್ಲಿ, ಪ್ರತಿಯೊಬ್ಬರ ಸ್ವಂತ ಸ್ವಭಾವದ ಪ್ರಭಾವವನ್ನು ಕಳೆದ ಮೇಲೆ, ಸ್ವಭಾವಸಾಮ್ಯವು ದಾಂಪತ್ಯತೃಪ್ತಿಯ ವ್ಯತ್ಯಾಸದಲ್ಲಿ ಶೇಕಡ ಅರ್ಧದಷ್ಟನ್ನೂ ವಿವರಿಸಲಿಲ್ಲ.

೨೦೧೨ರಲ್ಲಿ ಎಲೈ ಫಿಂಕೆಲ್ ಮತ್ತು ಇತರ ನಾಲ್ವರು ಮನಶ್ಶಾಸ್ತ್ರಜ್ಞರು ಇಡೀ ವಿಷಯವನ್ನು ವಿಮರ್ಶಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರ ನಿರ್ಣಯದ ತಿರುಳು ಎರಡು ಮಾತುಗಳಲ್ಲಿದೆ. ಸಂಸ್ಥೆಗಳು ತಮ್ಮ ಸೂತ್ರವನ್ನು ಗುಟ್ಟಾಗಿಟ್ಟಿರುವುದರಿಂದ ಅದನ್ನು ಇತರರು ಪರೀಕ್ಷಿಸಲಾರರು; ಪರೀಕ್ಷಿಸಲಾಗದುದನ್ನು ವಿಜ್ಞಾನವೆಂದು ಕರೆಯಲಾಗದು. ಇದಲ್ಲದೆ, ಪರಸ್ಪರ ಕಾಣದವರಿಂದ ಪಡೆದ ವಿವರಗಳು, ಮುಂದೆ ಅವರ ನಡುವೆ ನಡೆಯುವ ಮಾತುಕತೆಯನ್ನೂ ಬದುಕಿನ ಕಷ್ಟಗಳನ್ನೂ ಒಳಗೊಳ್ಳಲಾರವಾಗಿ, ಇಂಥ ಸೂತ್ರವು ಸಫಲವಾಗುವ ಸಂಭವವೇ ಕಡಿಮೆ. ೨೦೧೮ರ ಜನವರಿಯಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಮಂಡಲಿಯು, ವೈಜ್ಞಾನಿಕವಾಗಿ ಸಿದ್ಧಪಟ್ಟ ವಿಧಾನ ತನ್ನದೆಂದು ಈಹಾರ್ಮನಿ ಮಾಡಿದ್ದ ಜಾಹೀರಾತು ಜನರನ್ನು ತಪ್ಪುದಾರಿಗೆ ಎಳೆಯುವಂಥದೆಂದು ತೀರ್ಮಾನಿಸಿತು.

ಇದಕ್ಕೆ ಪ್ರತಿಯಾಗಿ ಉದ್ಧರಿಸಲ್ಪಡುವುದು ಜಾನ್ ಕ್ಯಾಸಿಯೊಪ್ಪೊ ಮೊದಲಾದವರು ೨೦೧೩ರಲ್ಲಿ ಪ್ರಕಟಿಸಿದ ಸಮೀಕ್ಷೆ. ೨೦೦೫ರಿಂದ ೨೦೧೨ರ ನಡುವೆ ಮದುವೆಯಾದ ೧೯,೧೩೧ ಮಂದಿಯಲ್ಲಿ, ಅಂತರ್ಜಾಲದಲ್ಲಿ ಭೇಟಿಯಾದವರ ವಿವಾಹಗಳಲ್ಲಿ ಮುರಿದುಬಿದ್ದವು ಶೇಕಡ ೫.೯೬, ಬೇರೆಡೆ ಭೇಟಿಯಾದವರಲ್ಲಿ ಶೇಕಡ ೭.೬೭. ಅಧ್ಯಯನಕ್ಕೆ ಈಹಾರ್ಮನಿಯೇ ಧನಸಹಾಯ ಮಾಡಿತ್ತೆಂಬುದನ್ನು ಲೇಖಕರು ಮರೆಮಾಚಲಿಲ್ಲ. ಅಂಕಿಗಳನ್ನು ಹಾಗೆಯೇ ಒಪ್ಪಿದರೂ, ಅವು ಹೇಳುವುದು ಭೇಟಿಯ ಸ್ಥಳವನ್ನು ಕುರಿತು, ಸೂತ್ರವನ್ನು ಕುರಿತಲ್ಲ. ಲೇಖನದ ಆರಂಭದಲ್ಲಿ ಬೇರ್ಪಡಿಸಿದ ಎರಡು ಮಾತುಗಳು ಇಲ್ಲಿ ಮತ್ತೆ ಬೆರೆತುಹೋಗುವುದನ್ನು ಕಾಣಬಹುದು.

ಅಂಕಿಗೆ ತನ್ನದೇ ಆದ ಬಲವುಂಟೆಂಬುದನ್ನು ಓಕೆಕ್ಯುಪಿಡ್ ಎಂಬ ಇನ್ನೊಂದು ಜಾಲತಾಣ ೨೦೧೪ರಲ್ಲಿ ತಾನೇ ಹೊರಗೆಡಹಿತು. ತನ್ನ ಲೆಕ್ಕದಲ್ಲಿ ಶೇಕಡ ೩೦ರಷ್ಟು ಮಾತ್ರ ಹೊಂದುವ ಕೆಲವರಿಗೆ, ನೀವು ಶೇಕಡ ೯೦ರಷ್ಟು ಹೊಂದುತ್ತೀರೆಂದು ಅದು ತಿಳಿಸಿತ್ತು. ಹಾಗೆ ನಂಬಿದವರ ನಡುವೆ ಪತ್ರವ್ಯವಹಾರ ಮುಂದುವರಿದುದು ಹೆಚ್ಚಾಯಿತು. ಇದು ವಿದ್ವತ್ಪತ್ರಿಕೆಯ ಪರಿಶೀಲನೆಗೆ ಒಳಪಟ್ಟ ಪ್ರಯೋಗವಲ್ಲ. ಆದರೂ ಹೊಂದಾಣಿಕೆಯ ಅಂಕಿಯು ಅಳತೆಯೊಂದೇ ಆಗಿರದೆ ಸೂಚನೆಯೂ ಆಗುವುದೆಂಬುದನ್ನು ತಿಳಿಯಲು ಸಾಕು.

೬

ಹಾಗಾದರೆ ಹೊಂದಾಣಿಕೆಯೆಂಬುದು ನಿಜವಾಗಿ ಯಾವುದು? ಆಧುನಿಕ ಮನಶ್ಶಾಸ್ತ್ರವು ಒಬ್ಬರಿಗೆ ಇನ್ನೊಬ್ಬರ ಮೇಲಿರುವ ಮೆಚ್ಚುಗೆಯನ್ನು ಮೂರು ಪಾಲುಗಳಾಗಿ ವಿಂಗಡಿಸುತ್ತದೆ. ಕೆಲವರು ಯಾರನ್ನು ಕಂಡರೂ ಮೆಚ್ಚುವ ಸ್ವಭಾವದವರು. ಇದು ನೋಡುವವರ ಪಾಲು. ಕೆಲವರನ್ನು ಯಾರು ಕಂಡರೂ ಮೆಚ್ಚುತ್ತಾರೆ. ಇದು ನೋಡಲ್ಪಡುವವರ ಪಾಲು. ಈ ಎರಡನ್ನೂ ಕಳೆದ ಮೇಲೆ, ಇವರಿಗೆ ಅವರೇ ವಿಶೇಷವಾಗಿ ಹಿಡಿಸಿದರೆಂಬ ಶೇಷವೊಂದು ಉಳಿಯುತ್ತದೆ. ಹೊಂದಾಣಿಕೆಯೆಂಬ ಹೆಸರಿಗೆ ಅರ್ಹವಾದುದು ಈ ಮೂರನೆಯ ಪಾಲು ಮಾತ್ರ.

ಸಮಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್ ಮತ್ತು ಫಿಂಕೆಲ್ ೨೦೧೭ರಲ್ಲಿ ಇದನ್ನೇ ಪರೀಕ್ಷಿಸಿದರು. ಅವಿವಾಹಿತ ವಿದ್ಯಾರ್ಥಿಗಳಿಂದ ನೂರಕ್ಕೂ ಹೆಚ್ಚು ಗುಣಗಳ, ಅಪೇಕ್ಷೆಗಳ ವಿವರವನ್ನು ಪಡೆದು, ಅನಂತರ ಅವರು ಒಬ್ಬೊಬ್ಬರೊಡನೆ ನಾಲ್ಕು ನಾಲ್ಕು ನಿಮಿಷ ಮಾತನಾಡುವಂತೆ ಏರ್ಪಡಿಸಿದರು. ಇಂದಿನ ಬಲವಾದ ಯಂತ್ರಕಲಿಕೆಯ ವಿಧಾನಗಳು ಮೊದಲ ಎರಡು ಪಾಲುಗಳನ್ನು ಸ್ವಲ್ಪಮಟ್ಟಿಗೆ ಮುಂಗಂಡುವು. ಮೂರನೆಯದನ್ನು ಏನೇನೂ ಮುಂಗಾಣಲಾರದೆ ಹೋದುವು. ೨೦೨೦ರಲ್ಲಿ ಅನೇಕ ವಿದ್ವಾಂಸರು ಕೂಡಿ, ೪೩ ದತ್ತಸಂಗ್ರಹಗಳಿಂದ ೧೧,೧೯೬ ಜೋಡಿಗಳ ವಿವರಗಳನ್ನು ಒಂದೆಡೆ ಸೇರಿಸಿದರು. ಸಂಬಂಧದ ಬಗೆಗಿನ ಅನುಭವಗಳು, ಅಂದರೆ ಸಂಗಾತಿಯ ನಿಷ್ಠೆಯಲ್ಲಿ ನಂಬಿಕೆ, ಪರಸ್ಪರ ಕೃತಜ್ಞತೆ, ಜಗಳಗಳ ಪ್ರಮಾಣ ಮೊದಲಾದುವು, ಆ ಹೊತ್ತಿನ ತೃಪ್ತಿಯ ವ್ಯತ್ಯಾಸದಲ್ಲಿ ಶೇಕಡ ೪೫ರವರೆಗೆ ವಿವರಿಸಿದುವು. ವ್ಯಕ್ತಿಗತ ಗುಣಗಳು ಶೇಕಡ ೨೧ರವರೆಗೆ ವಿವರಿಸಿದುವು. ಆದರೆ ಸಂಬಂಧದ ಅನುಭವಗಳನ್ನು ಗಣನೆಗೆ ತೆಗೆದುಕೊಂಡ ಮೇಲೆ ಅವು ಹೊಸದಾಗಿ ಹೇಳುವುದು ಅಲ್ಪವೇ ಆಗಿತ್ತು. ಮುಂದೆ ಆ ತೃಪ್ತಿ ಏರುವುದೋ ಇಳಿಯುವುದೋ ಎಂಬುದನ್ನು ಯಾವುದೂ ತಿಳಿಸಲಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಈ ಅಧ್ಯಯನಗಳು ಬಹುಮಟ್ಟಿಗೆ ಪಾಶ್ಚಾತ್ಯ ಸಮಾಜಗಳಲ್ಲಿ, ತಾವೇ ಆಯ್ದುಕೊಂಡು ಕೂಡಿದವರಲ್ಲಿ ನಡೆದುವು. ಹಿರಿಯರು ಗೊತ್ತುಮಾಡುವ ವಿವಾಹಗಳಿಗೆ ಇವನ್ನು ನೇರವಾಗಿ ಅನ್ವಯಿಸಲಾಗದು. ಇಂದಿನವರೆಗೆ ಮುಂಗಾಣಲು ಆಗಿಲ್ಲವೆಂಬುದರಿಂದ ಎಂದಿಗೂ ಆಗದೆಂದು ಸಿದ್ಧವಾಗುವುದೂ ಇಲ್ಲ. ಸೂತ್ರವು ತಮ್ಮಲ್ಲಿದೆಯೆನ್ನುವವರು ಅದನ್ನು ಸಾಧಿಸಿ ತೋರಿಸುವ ಮಾರ್ಗ ತೆರೆದೇ ಇದೆ. ಹೊಸ ಔಷಧವನ್ನು ಪರೀಕ್ಷಿಸುವ ರೀತಿಯಲ್ಲಿ, ಒಂದು ಗುಂಪನ್ನು ಸೂತ್ರದಂತೆಯೂ ಇನ್ನೊಂದನ್ನು ಯಾದೃಚ್ಛಿಕವಾಗಿಯೂ ಜೊತೆಗೂಡಿಸಿ, ಯಾರು ಯಾವ ಗುಂಪಿನವರೆಂಬುದನ್ನು ಅವರಿಗೆ ತಿಳಿಸದೆ, ಕೆಲವು ವರ್ಷ ಅನುಸರಿಸಿ ನೋಡಬೇಕು. ಮಿನೆಸೋಟದ ನೃತ್ಯಕೂಟದಲ್ಲಿ ಇದರ ಅರ್ಧಭಾಗ ಆಗಲೇ ನಡೆದಿತ್ತು.

೭

ಈ ಇತಿಹಾಸದಿಂದ ತಿಳಿಯಬರುವುದೇನು? ೧೯೩೮ರಿಂದ ಮೊದಲುಗೊಂಡು ಗಂಭೀರವಾದ ಅಧ್ಯಯನಗಳು ಸುಖದ ಮೂಲವನ್ನು ಎರಡು ಕಡೆ ತೋರಿಸುತ್ತ ಬಂದಿವೆ: ಒಂದು, ವ್ಯಕ್ತಿಯ ಸ್ವಂತ ಸ್ವಭಾವ, ಇನ್ನೊಂದು, ಇಬ್ಬರೂ ಕೂಡಿದ ಮೇಲೆ ಅವರ ನಡುವೆ ಬೆಳೆಯುವ ನಡವಳಿಕೆ. ವ್ಯಾಪಾರ ಸಂಸ್ಥೆಗಳು ಆರಿಸಿಕೊಂಡುದು ಇವೆರಡೂ ಅಲ್ಲದ, ಕೂಡುವ ಮೊದಲೇ ಎರಡು ಪಟ್ಟಿಗಳ ನಡುವೆ ಕಾಣುವ ಹೋಲಿಕೆಯನ್ನು. ಸ್ವಭಾವವೇ ಮುಖ್ಯವೆಂದರೆ, ನಿಮ್ಮ ತೊಡಕು ನಿಮ್ಮಲ್ಲಿಯೇ ಇದೆಯೆಂದು ಗ್ರಾಹಕನಿಗೆ ಹೇಳಬೇಕಾಗುತ್ತದೆ. ನಡವಳಿಕೆಯೇ ಮುಖ್ಯವೆಂದರೆ, ನಮ್ಮ ಕೆಲಸ ಪರಿಚಯ ಮಾಡಿಸುವುದಕ್ಕೆ ಮುಗಿಯಿತೆಂದು ಒಪ್ಪಬೇಕಾಗುತ್ತದೆ. ನಿಮಗೆ ತಕ್ಕವರು ಎಲ್ಲಿಯೋ ಇದ್ದಾರೆ, ನಾವು ಹುಡುಕಿಕೊಡುತ್ತೇವೆ ಎಂಬ ಮಾತು ಮಾತ್ರವೇ ಹಣಕ್ಕೆ ಮಾರಲು ಯೋಗ್ಯವಾದುದು.

ಇದರಿಂದ ಆಗುವ ಹಾನಿ ಹಣದ ನಷ್ಟಕ್ಕೆ ಸೀಮಿತವಾಗಿಲ್ಲ. ಕಡಿಮೆ ಅಂಕ ಬಂದುದರಿಂದ ಎಂದೂ ಭೇಟಿಯಾಗದೆ ಉಳಿದವರ ಲೆಕ್ಕ ಯಾವ ಸಮೀಕ್ಷೆಯಲ್ಲಿಯೂ ಇರುವುದಿಲ್ಲ. ತಕ್ಕವರೇ ದೊರೆತರೆಂದು ನಂಬಿ ಕೂಡಿದವರು, ಮೊದಲ ಮನಸ್ತಾಪ ತಲೆದೋರಿದಾಗ, ಲೆಕ್ಕ ತಪ್ಪಿತೆಂದು ಬೇರೆಯವರನ್ನು ಅರಸಲು ತೊಡಗುವ ಅಪಾಯವೂ ಉಂಟು. ಜಾತಕದ ಸಾಲಾವಳಿಯನ್ನು ಪ್ರಶ್ನಿಸುವ ಧೈರ್ಯವಿರುವ ವಿದ್ಯಾವಂತರು, ಪ್ರಶ್ನಾವಳಿಯ ಸಾಲಾವಳಿಯನ್ನು ವಿಜ್ಞಾನವೆಂಬ ಹೆಸರಿನ ಮೇಲಿನ ಗೌರವದಿಂದ ಪ್ರಶ್ನಿಸದೆ ಒಪ್ಪುವುದು ಉಚಿತವಲ್ಲ. ಸೂತ್ರವೇನು, ಅದನ್ನು ಯಾರು ಪರೀಕ್ಷಿಸಿದರು, ಯಾವುದರೊಡನೆ ಹೋಲಿಸಿದರು ಎಂಬ ಮೂರು ಪ್ರಶ್ನೆಗಳನ್ನು ಎರಡಕ್ಕೂ ಸಮಾನವಾಗಿ ಕೇಳಬೇಕು.